ಮಾವನವರ ಕಾರಿನ ಮುಳ್ಳುಗಳು

ನನ್ನ ಮಾವನವರು ಕಾರು ಕೊಂಡದ್ದು ಓಡಾಡುವುದಕ್ಕೆ ಎಂದು ಊರಿನವರು ತಿಳಿದಿದ್ದರು. ಅದರ ಮೀಟರುಗಳನ್ನು ನೋಡುತ್ತ ಕೂರುವುದಕ್ಕೆ ಎಂಬುದು ಮನೆಯವರಿಗೆ ಮಾತ್ರ ಗೊತ್ತಿತ್ತು.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಗೌರಿಬಿದನೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿಯ ತವರು ಜಂಗಮಕೋಟೆಯ ಪಕ್ಕದ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ, ಹಟ್ಟಿ ತುಂಬ ದನ ಇದ್ದ ಕುಟುಂಬ. ಮಾವನವರು ಬೆಂಗಳೂರಿನ ಯಾರೋ ನಿವೃತ್ತ ಅಧಿಕಾರಿಯಿಂದ ಹಳೆಯ ಕರಿ ಕಾರೊಂದನ್ನು ಕೊಂಡು ತಂದಿದ್ದರು. ಅವರಿಗೆ ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ರುಮಾಲು ಸುತ್ತಿ, ಕೋಟು ಹಾಕಿ, ಕನ್ನಡಕ ಏರಿಸಿ ಮುಂದಿನ ಸೀಟಿನಲ್ಲಿ ಕೂತರೆಂದರೆ ಅವರ ಕಣ್ಣು ರಸ್ತೆಯ ಮೇಲೆ ಇರುತ್ತಲೇ ಇರಲಿಲ್ಲ. ಡ್ಯಾಶ್‌ಬೋರ್ಡಿನ ನಡುವೆ ಒಂದು ತಗಡಿನ ಹಲಗೆ, ಅದರಲ್ಲಿ ವೇಗದ ಮೀಟರು, ಪೆಟ್ರೋಲಿನ ಮೀಟರು, ಬ್ಯಾಟರಿಯ ಮೀಟರು. ಮೂರರ ಮುಳ್ಳುಗಳನ್ನೂ ಅವರು ಮೇಯಲು ಬಿಟ್ಟ ದನಗಳ ಹಾಗೆ ಕಾಯುತ್ತಿದ್ದರು.

‘ಇಪ್ಪತ್ತೈದು,’ ಎನ್ನುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, ‘ಇಪ್ಪತ್ತೆಂಟು.’ ಮುಳ್ಳು ಮೂವತ್ತು ಮೈಲಿಗೆ ಬಂದರೆ, ‘ಸಾಕಪ್ಪಾ, ಅಷ್ಟರಲ್ಲೇ ಇರಲಿ.’ ಆಯುಧಪೂಜೆಯ ದಿನ ಮೂರು ಮೀಟರುಗಳ ಗಾಜಿಗೂ ಅವರೇ ಕೈಯಾರೆ ಕುಂಕುಮ ಹಚ್ಚಿದ್ದರು. ಹಚ್ಚಿದ್ದು ಧಾರಾಳವಾಗಿತ್ತು, ಆಮೇಲೆ ಎಷ್ಟೋ ದಿನ ಪೆಟ್ರೋಲು ಎಷ್ಟಿದೆ ಎಂದು ತಿಳಿಯಲು ಕುಂಕುಮದ ಸಂದಿಯಲ್ಲಿ ಇಣುಕಬೇಕಾಗಿತ್ತು.

ಕಾರು ಓಡಿಸುತ್ತಿದ್ದವರು ಶಿಡ್ಲಘಟ್ಟದ ಸಾಹೇಬರೊಬ್ಬರು. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ ಅವರ ಕಸುಬು. ಕರೆದಾಗ ಬಂದು ಕಾರು ತೆಗೆಯುತ್ತಿದ್ದರು. ನಾನು ಹೇಳಹೊರಟಿರುವ ದಿನ ಅವರು ತಂಗಿಯ ಮಗಳ ಮದುವೆಗೆಂದು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದರು. ಅವತ್ತೇ ನಮ್ಮ ಮನೆಯಲ್ಲೂ ಒಂದು ಮುಖ್ಯ ಪ್ರಯಾಣ ಒದಗಿತ್ತು. ನನ್ನ ನಾದಿನಿಯನ್ನು ಗಂಡಿನ ಕಡೆಯವರಿಗೆ ತೋರಿಸಬೇಕಾಗಿತ್ತು. ಅಂಬಾಜಿದುರ್ಗದ ಬುಡದ ಹಳ್ಳಿಯೊಂದರಲ್ಲಿ ಅತ್ತೆಯವರ ಅಕ್ಕನ ಮನೆ. ಗಂಡಿನ ಮನೆಯೂ ಅದೇ ಊರು. ನಾವು ಸುಮ್ಮನೆ ನೆಂಟರ ಮನೆಗೆ ಬಂದವರ ಹಾಗೆ ಹೋಗುವುದು, ಅವರು ಸುಮ್ಮನೆ ಪಕ್ಕದ ಬೀದಿಯಿಂದ ಬಂದವರ ಹಾಗೆ ಬರುವುದು ಎಂದು ಮಾತಾಗಿತ್ತು. ಹುಡುಗ ಚಿಂತಾಮಣಿಯಲ್ಲಿ ಹೈಸ್ಕೂಲು ಮೇಷ್ಟ್ರು, ಇತಿಹಾಸ ಹೇಳಿಕೊಡುತ್ತಿದ್ದ.

‘ಅಳಿಯಂದ್ರು ಇದಾರಲ್ಲ, ಅವರೇ ಓಡಿಸ್ತಾರೆ,’ ಎಂದರು ಅತ್ತೆ.

ನನಗೆ ಕಾರು ಓಡಿಸಲು ಬರುತ್ತಿತ್ತು ಎಂಬುದು ಸುಳ್ಳಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಸೋದರಮಾವನೊಬ್ಬ ಕಲಿಸಿದ್ದ, ಲೈಸೆನ್ಸೂ ಇತ್ತು. ಆದರೆ ಆ ಮನೆಯಲ್ಲಿ ನನ್ನ ಹೆಸರು ಅದಕ್ಕಿಂತ ದೊಡ್ಡದಾಗಿ ಬೆಳೆದುಬಿಟ್ಟಿತ್ತು. ಮದುವೆಯಾದ ಹೊಸದರಲ್ಲಿ ಅವರ ಬ್ಯಾಟರಿ ರೇಡಿಯೋ ಮಾತು ನಿಲ್ಲಿಸಿದಾಗ ನಾನು ಅದರ ನೆತ್ತಿಯ ಮೇಲೆ ಅಂಗೈಯಿಂದ ಒಂದು ಬಿಟ್ಟಿದ್ದೆ. ಅದು ಕೂಡಲೇ ವಾರ್ತೆ ಓದತೊಡಗಿತು. ಅಂದಿನಿಂದ ಯಂತ್ರಗಳ ಮರ್ಮ ಬಲ್ಲವನೆಂದು ನನಗೆ ಮರ್ಯಾದೆ ಸಿಗುತ್ತಿತ್ತು. ಅದನ್ನು ನಿರಾಕರಿಸುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಊಟಕ್ಕೆ ಕೂತಾಗ ಇಂಜಿನ್ನು, ಗೇರು ಎಂದು ಒಂದೆರಡು ಮಾತು ಬಿಸಾಡುತ್ತಿದ್ದೆ. ಮಾವನವರು ತುತ್ತು ನಿಲ್ಲಿಸಿ ಕೇಳುತ್ತಿದ್ದರು.

ಬೆಳಿಗ್ಗೆ ತಿಂಡಿ ಮುಗಿಸಿ ಹೊರಟೆವು. ಮುಂದೆ ನಾನು ಮತ್ತು ಮಾವನವರು, ಹಿಂದೆ ಅತ್ತೆ, ನನ್ನ ಹೆಂಡತಿ, ನಡುವೆ ನಾದಿನಿ. ಅವಳ ಸೀರೆ ಮುದುರಬಾರದೆಂದು ಅಕ್ಕಪಕ್ಕದ ಇಬ್ಬರೂ ಬಾಗಿಲಿಗೆ ಒತ್ತಿಕೊಂಡಿದ್ದರು. ಶಿಡ್ಲಘಟ್ಟ ದಾಟಿ ಚಿಂತಾಮಣಿ ರಸ್ತೆಗೆ ಬಿದ್ದೆವು. ಮಾವನವರು ಇಪ್ಪತ್ತೇಳು, ಇಪ್ಪತ್ತೊಂಬತ್ತು ಎನ್ನುತ್ತ ಬಂದವರು ಇದ್ದಕ್ಕಿದ್ದಂತೆ ಸುಮ್ಮನಾದರು. ನಾನು ಅದನ್ನು ನೆಮ್ಮದಿ ಎಂದುಕೊಂಡೆ.

‘ನಿಲ್ಸಪ್ಪಾ,’ ಎಂದರು.

‘ಯಾಕೆ ಮಾವ?’

‘ಮುಳ್ಳು ಬಿದ್ದೋಯ್ತು.’

ನೋಡಿದೆ. ವೇಗದ ಮುಳ್ಳು ಒಮ್ಮೆ ನಡುಗಿ, ಸೊನ್ನೆಯ ಮೇಲೆ ಒರಗಿಕೊಂಡಿತ್ತು. ಕಾರು ಮಾತ್ರ ಓಡುತ್ತಲೇ ಇತ್ತು. ಅದರಿಂದ ಏನೂ ತೊಂದರೆಯಿಲ್ಲ, ಹೋಗೋಣ ಎಂದೆ. ಅವರು ಒಪ್ಪಲಿಲ್ಲ. ಆ ಮೀಟರಿನ ಹೊಟ್ಟೆಯಲ್ಲೇ ಮೈಲಿ ಎಣಿಸುವ ಪುಟ್ಟ ಅಂಕಿಗಳೂ ಇದ್ದವು, ಅವೂ ನಿಂತಿದ್ದವು.

‘ಮೈಲಿ ಏಳ್ತಾ ಇಲ್ಲ ಕಣಪ್ಪ. ನಾವು ಹೋಗಿದ್ದು ಹೋದಂಗೇ ಆಗಲ್ಲ.’

ಹೋದರೂ ಹೋದ ಹಾಗಾಗದ ಪ್ರಯಾಣದಲ್ಲಿ ಮಗಳನ್ನು ತೋರಿಸಲು ಅವರಿಗೆ ಮನಸ್ಸಿರಲಿಲ್ಲ. ಹೊಂಗೆ ಮರದ ನೆರಳಿಗೆ ಕಾರು ಒತ್ತರಿಸಿದೆ. ಆಗ ನಾನು ‘ಸಾಹೇಬರು ಬಂದ ಮೇಲೆ ನೋಡೋಣ’ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅಂದದ್ದು, ‘ಇದೇನು ಮಹಾ, ಐದು ನಿಮಿಷದ ಕೆಲಸ.’

‘ನಿಮಗೆ ಬರುತ್ತಾ?’ ಎಂದಳು ಹೆಂಡತಿ, ಮೆಲ್ಲಗೆ.

ಅವಳು ಮೆಲ್ಲಗೆ ಕೇಳಿದ್ದು ನನ್ನ ಮಾನ ಉಳಿಸುವುದಕ್ಕೆ. ನಾನು ಗಟ್ಟಿಯಾಗಿ, ‘ಬರದೆ ಏನು?’ ಎಂದೆ.

ಸೀಟಿನ ಕೆಳಗಿನ ಚೀಲದಲ್ಲಿ ಒಂದು ಸ್ಕ್ರೂಡ್ರೈವರು, ಒಂದು ಇಕ್ಕಳ ಇದ್ದವು. ಕಾಲು ಬಾಗಿಲಿನಿಂದ ಹೊರಗೆ ಚಾಚಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ ಅಂಗಾತ ಮಲಗಿದೆ. ಮೇಲೆ ಕತ್ತಲು, ಅದರಲ್ಲಿ ತಂತಿಗಳ ಗೊಂಚಲು. ಹೀಗೆ ಕಾಣುವುದಿಲ್ಲವೆಂದು ಎದ್ದು, ಸ್ಕ್ರೂ ಬಿಚ್ಚಿ, ಮೀಟರಿನ ಹಲಗೆಯನ್ನೇ ಮುಂದಕ್ಕೆ ಎಳೆದೆ. ಅದು ಬರಲೊಲ್ಲದು, ಜಗ್ಗಿದೆ, ಬಂತು. ಅದರ ಹಿಂದಿನಿಂದ ಕೆಂಪು, ಹಸಿರು, ಬಿಳಿ ತಂತಿಗಳೂ ಬಂದವು. ಅವುಗಳ ಜೊತೆ ತುದಿಯಲ್ಲಿ ಹಿತ್ತಾಳೆ ಉಂಗುರವಿದ್ದ ಒಂದು ದಪ್ಪ ಕರಿ ನಳಿಗೆ ಯಾವುದಕ್ಕೂ ಅಂಟದೆ ಜೋತು ಬಿದ್ದಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ವೇಗದ ಮುಳ್ಳಿಗೂ ವಿದ್ಯುತ್ತಿಗೂ ಸಂಬಂಧವೇ ಇರಲಿಲ್ಲ. ಚಕ್ರದ ಕಡೆಯಿಂದ ಒಂದು ಉಕ್ಕಿನ ಹುರಿ ತಿರುಗುತ್ತ ಬಂದು ಮೀಟರಿನ ಬೆನ್ನಿಗೆ ಕೂಡುತ್ತದೆ, ಅದು ತಿರುಗಿದರೆ ಮುಳ್ಳು ಏಳುತ್ತದೆ. ಆ ಕರಿ ನಳಿಗೆಯೊಳಗೆ ಇದ್ದದ್ದೇ ಆ ಹುರಿ. ಅದರ ಉಂಗುರ ಸಡಿಲವಾಗಿ ಕಳಚಿಕೊಂಡಿತ್ತು, ಅಷ್ಟೇ. ರೋಗ ಬಂದು ನನ್ನ ಮೂಗಿನ ಮುಂದೆಯೇ ನೇತಾಡುತ್ತಿತ್ತು. ನಾನು ಅದನ್ನು ಎಣ್ಣೆ ಹೋಗುವ ಕೊಳವೆ ಎಂದುಕೊಂಡು, ಕೆಲಸಕ್ಕೆ ಅಡ್ಡವಾಗುತ್ತದೆಂದು ಒಳಗೆ ದೂರ ತಳ್ಳಿ, ತಂತಿಗಳ ಕಡೆ ಗಮನ ಕೊಟ್ಟೆ.

ತಂತಿಗಳಿಗೆ ಕಿಲುಬು ಹಿಡಿದಿರಬಹುದು ಎಂಬುದು ನನ್ನ ಮೊದಲ ಸಿದ್ಧಾಂತ. ಒಂದೊಂದನ್ನೇ ಬಿಚ್ಚಿ, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಸಿಕ್ಕಿಸತೊಡಗಿದೆ. ಬ್ಯಾಟರಿಯ ತಂತಿಯನ್ನು ಮೊದಲು ಬಿಚ್ಚಿಡಬೇಕು ಎಂಬುದು ನನ್ನ ಸಿದ್ಧಾಂತದಲ್ಲಿರಲಿಲ್ಲ. ಕೀಲಿಯನ್ನೂ ತಿರುಗಿಸಿಯೇ ಬಿಟ್ಟಿದ್ದೆ, ಮುಳ್ಳು ಎದ್ದ ಕೂಡಲೇ ತಿಳಿಯಲೆಂದು. ಸ್ಕ್ರೂಡ್ರೈವರು ಎಲ್ಲೋ ತಗಡಿಗೆ ತಗುಲಿತು. ಚಟ್ಟೆಂದು ನೀಲಿ ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದ ಪೆಟ್ರೋಲಿನ ಮುಳ್ಳು ನಿಧಾನವಾಗಿ ಮಲಗಿತು.

ಮಾವನವರು ಬಾಗಿ ನೋಡಿದರು. ‘ಒಂದು ಹೋಗಿತ್ತು. ಈಗ ಎರಡು,’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹಟ್ಟಿಯಲ್ಲಿ ಕರು ಸತ್ತಾಗ ಮಾತಾಡುವ ಹಾಗೆ ಇತ್ತು.

ಇಂಜಿನ್ನೇನೋ ಸ್ಟಾರ್ಟಾಯಿತು. ನನಗೆ ಜೀವ ಬಂತು. ಆದರೆ ಬ್ಯಾಟರಿಯ ಮುಳ್ಳು ಯಾವಾಗಲೂ ಬಲಕ್ಕೆ ವಾಲುವಂಥದ್ದು ಎಡಕ್ಕೆ ವಾಲಿತು. ಅದರ ಎರಡು ತಂತಿಗಳನ್ನು ನಾನು ಅದಲುಬದಲು ಸಿಕ್ಕಿಸಿದ್ದೆ. ಆಗ ನನಗದು ಗೊತ್ತಿರಲಿಲ್ಲ. ಬಿಸಿಲಿಗೆ ಹಾಗಾಗುತ್ತದೆ ಎಂದು ಮಾವನವರಿಗೆ ವಿವರಿಸಿದೆ. ಹಾರನ್ ಒತ್ತಿ ನೋಡಿದೆ. ಅದೂ ಮೂಕವಾಗಿತ್ತು. ಇನ್ನು ಹಲಗೆಯನ್ನು ಗೂಡಿಗೆ ಸೇರಿಸಹೋದರೆ ತಂತಿಗಳು ಉಬ್ಬಿಕೊಂಡು ಜಾಗವನ್ನೇ ಬಿಡಲಿಲ್ಲ. ಹೊತ್ತು ಏರುತ್ತಿತ್ತು. ಕೊನೆಗೆ ಹಲಗೆಯನ್ನು ತಂತಿಗಳ ಸಮೇತ ಮಾವನವರ ತೊಡೆಯ ಮೇಲೆ ಇಟ್ಟೆ.

‘ಅಲ್ಲಾಡಿಸದೆ ಹಿಡ್ಕೊಳ್ಳಿ ಮಾವ. ಎಲ್ಲೂ ತಗುಲಬಾರದು.’

ಅವರು ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದರು. ಹಿಂದಿನ ಸೀಟಿನಿಂದ ಅತ್ತೆ, ‘ಪೆಟ್ರೋಲು ಇದೆಯೋ ಇಲ್ವೋ ಹೆಂಗೆ ಗೊತ್ತಾಗ್ತದೆ?’ ಎಂದರು. ನಾನು ಯೋಚಿಸುತ್ತ ನಿಂತೆ. ಅವರು ಕಾಯದೆ ಇಳಿದು, ಬದುವಿನ ಮೇಲಿನ ಹಿಪ್ಪುನೇರಳೆ ಗಿಡದಿಂದ ಉದ್ದನೆಯ ಒಂದು ಹಸಿ ಕಡ್ಡಿ ಮುರಿದು ಎಲೆ ಸವರಿ ತಂದರು. ‘ಸೀಮೆಎಣ್ಣೆ ಡಬ್ಬಕ್ಕೆ ಅದ್ದಿ ನೋಡಲ್ವಾ, ಹಂಗೇ ನೋಡ್ರಿ.’ ಕಡ್ಡಿ ಬಳುಕುತ್ತ ಟ್ಯಾಂಕಿನೊಳಗೆ ಇಳಿಯಿತು, ಒದ್ದೆಯಾಗಿ ಬಂತು. ಸಾಕಾಗುವಷ್ಟಿತ್ತು.

ಚಿಂತಾಮಣಿಯ ಬೀದಿಗಳನ್ನು ನಾವು ದಾಟಿದ ರೀತಿಯನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸಂತೆಯ ದಿನ. ಎತ್ತಿನ ಗಾಡಿ, ಕುದುರೆ ಗಾಡಿ, ತಲೆಯ ಮೇಲೆ ಮಂಕರಿ ಹೊತ್ತ ಹೆಂಗಸರು. ಹಾರನ್ ಇಲ್ಲ. ಮಾವನವರ ಕೈ ಖಾಲಿಯಿಲ್ಲ, ಬಾಯಿ ಮಾತ್ರ ಖಾಲಿ. ಊರಿನಲ್ಲಿ ಅವರು ಕೆಮ್ಮಿದರೆ ಜನ ಎದ್ದು ನಿಲ್ಲುತ್ತಿದ್ದರು. ಅಂಥವರು ಅಂದು ಕಿಟಕಿಯಿಂದ ರುಮಾಲಿನ ತಲೆಯನ್ನು ಹೊರಗೆ ಚಾಚಿ, ‘ಜರುಗ್ರಪ್ಪಾ, ಜರುಗಮ್ಮ, ಕಾರು ಬರ್ತಾ ಅದೆ,’ ಎಂದು ಕೂಗುತ್ತ ಹೋದರು. ಒಬ್ಬ ಗಾಡಿಯವನು ಹಿಂತಿರುಗಿ ನೋಡಿ, ‘ಕಂಡಿತು ಬಿಡಿ, ಕಣ್ಣಿಲ್ವಾ ನಮಗೆ?’ ಎಂದ. ಹಿಂದೆ ನನ್ನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ನಾದಿನಿ ಮಾತ್ರ ಮುಂದಕ್ಕೆ ಬಾಗಿ, ಹಲಗೆ ಇದ್ದ ಜಾಗದ ಕತ್ತಲ ಗೂಡನ್ನು ದಿಟ್ಟಿಸುತ್ತಿದ್ದಳು.

ಹಳ್ಳಿ ತಲುಪಿದಾಗ ಗಂಡಿನ ಕಡೆಯವರು ಆಗಲೇ ಬಂದು ಅತ್ತೆಯವರ ಅಕ್ಕನ ಮನೆಯ ಜಗಲಿಯ ಮೇಲೆ ಕೂತಿದ್ದರು. ಹುಡುಗ, ಅವನ ತಂದೆ, ಅಜ್ಜಿ. ಹುಡುಗನ ತಂದೆ ಕೈಮುಗಿಯುತ್ತ ಕಾರಿನ ಬಳಿಗೇ ಬಂದರು. ಮಾವನವರಿಗೆ ಕೈಮುಗಿಯಲು ಕೈಯಿಲ್ಲ, ಇಳಿಯಲು ದಾರಿಯಿಲ್ಲ. ತೊಡೆಯ ಮೇಲಿನ ಮೀಟರುಗಳ ಮೇಲಿಂದ ತಲೆಯನ್ನಷ್ಟೇ ತೂಗಿ, ‘ಬನ್ನಿ ಬನ್ನಿ,’ ಎಂದರು, ಅತಿಥಿಗಳು ತಾವೇ ಎಂಬುದನ್ನು ಮರೆತು.

ಅಜ್ಜಿ ಕೋಲೂರಿಕೊಂಡು ಬಂದು ಕಿಟಕಿಯಿಂದ ಇಣುಕಿದರು. ಆ ಕಡೆಯ ಹಿರಿಯರಿಗೆ ತೆಲುಗೇ ಮೊದಲು ಬಾಯಿಗೆ ಬರುವುದು. ‘ಇದೇಮಿ ನಾಯನಾ, ಕಾರು ಪೇಗುಲು ಬಯಟ ಪಡಿನಾಯಿ,’ ಎಂದರು. ಕಾರಿನ ಕರುಳು ಹೊರಗೆ ಬಂದಿದೆಯಲ್ಲಪ್ಪಾ ಎಂದು. ಜಗಲಿಯ ಮೇಲಿದ್ದವರೆಲ್ಲ ಕರುಳು ನೋಡಲು ಇಳಿದು ಬಂದರು. ಹೆಣ್ಣನ್ನು ನೋಡಬೇಕಾದವನು ಎಲ್ಲರಿಗಿಂತ ಮುಂದೆ ಇದ್ದ.

‘ಏನಾಯ್ತು ಸಾರ್?’ ಎಂದು ನನ್ನನ್ನು ಕೇಳಿದ.

ನಾನು ವಿವರಿಸಿದೆ. ಕಿಲುಬು, ಬಿಸಿಲು, ಒಳಗಿನ ಒತ್ತಡ ಎಲ್ಲವನ್ನೂ ಸೇರಿಸಿ ಸಾಕಷ್ಟು ದೀರ್ಘವಾಗಿಯೇ ವಿವರಿಸಿದೆ. ಅವನು ವಿನಯದಿಂದ ಕೇಳಿ, ‘ಫ್ಯೂಸು ನೋಡಿದ್ರಾ?’ ಎಂದ.

ಕಾರಿನಲ್ಲೂ ಫ್ಯೂಸು ಇರುತ್ತದೆ ಎಂಬುದು ನನಗೆ ಆಗ ತಿಳಿಯಿತು. ‘ಅದನ್ನೇ ನೋಡೋಣ ಅಂತಿದ್ದೆ,’ ಎಂದೆ.

ಅವನಿಗೂ ಕಾರಿನ ವಿಷಯ ಹೆಚ್ಚೇನೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ಕೋಣೆಯ ದೀಪ ಹೋದರೆ ಫ್ಯೂಸು ಕಟ್ಟಿ ಅಭ್ಯಾಸವಿತ್ತಂತೆ. ಇಬ್ಬರೂ ಬಾನೆಟ್ ಎತ್ತಿ ಹುಡುಕಿದೆವು. ನಾನು ತೋರಿಸಿದ ಮೊದಲ ಪೆಟ್ಟಿಗೆ ಬೇರೇನೋ ಆಗಿತ್ತು, ಎರಡನೆಯದೂ ಅಷ್ಟೇ. ಕೊನೆಗೆ ಅವನಿಗೇ ಸಿಕ್ಕಿತು. ಸಣ್ಣ ಗಾಜಿನ ನಳಿಕೆ, ಒಳಗಿನ ಎಳೆ ಸುಟ್ಟು ಗಾಜು ಕಪ್ಪಾಗಿತ್ತು.

ಬೇರೆ ಫ್ಯೂಸು ಇರಲಿಲ್ಲ. ಹಿತ್ತಾಳೆ ಮೊಳೆ, ಹಾರ ಕಟ್ಟುವ ತಂತಿ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ನಾದಿನಿ ಬಾಗಿಲ ಬಳಿ ನಿಂತಿದ್ದವಳು ತಲೆಯಿಂದ ಹೇರ್‌ಪಿನ್ ತೆಗೆದು ನನ್ನ ಹೆಂಡತಿಯ ಕೈಯಲ್ಲಿ ಕೊಟ್ಟು ಕಳಿಸಿದಳು. ಹುಡುಗ ಅದನ್ನು ನೋಡಿ, ‘ಇದು ದಪ್ಪ. ಹೆಚ್ಚುಕಮ್ಮಿ ಆದ್ರೆ ಫ್ಯೂಸು ಸುಡೋ ಬದಲು ಕಾರೇ ಸುಡ್ತದೆ,’ ಎಂದು ಜಾಗ್ರತೆಯಾಗಿ ಹಿಂದಿರುಗಿಸಿದ. ಅವನ ಮುಖದಲ್ಲಿ ಏನೋ ಹೊಯ್ದಾಟ ಕಾಣುತ್ತಿತ್ತು. ಒಮ್ಮೆ ತಂದೆಯ ಕಡೆ ನೋಡಿದ, ಒಮ್ಮೆ ಕಾರಿನಲ್ಲಿ ಇನ್ನೂ ಹಲಗೆ ಹಿಡಿದು ಬೆವರುತ್ತಿದ್ದ ನನ್ನ ಮಾವನವರ ಕಡೆ ನೋಡಿದ. ಕಡೆಗೆ ಷರಟಿನ ಒಳಜೇಬಿಗೆ ಕೈಹಾಕಿ ಸಿಗರೇಟು ಪ್ಯಾಕೊಂದನ್ನು ತೆಗೆದ.

ಹೆಣ್ಣು ನೋಡಲು ಬಂದ ಹುಡುಗ, ಹಿರಿಯರೆಲ್ಲ ಸುತ್ತ ನಿಂತಿರುವಾಗ, ಪ್ಯಾಕಿನ ಒಳಗಿನ ಬೆಳ್ಳಿ ಕಾಗದವನ್ನು ಹರಿದು, ಅದನ್ನು ಸುಟ್ಟ ಫ್ಯೂಸಿನ ಸುತ್ತ ಸುತ್ತಿದ. ಫ್ಯೂಸನ್ನು ಅದರ ಜಾಗಕ್ಕೆ ಒತ್ತಿ, ‘ಈಗ ಕೀ ತಿರುಗಿಸಿ ಸಾರ್,’ ಎಂದ.

ತಿರುಗಿಸಿದೆ. ಪೆಟ್ರೋಲಿನ ಮುಳ್ಳು ನಡುಗಿ ಮೇಲೆದ್ದಿತು.

‘ಎದ್ದಿತು ಕಣೇ,’ ಎಂದರು ಮಾವನವರು ಕಾರಿನೊಳಗಿನಿಂದ, ಅತ್ತೆಯವರಿಗೆ. ಮಾವನವರ ಕಣ್ಣಿಗೆ ಸಿಗರೇಟು ಇನ್ನೂ ಬಿದ್ದಿರಲಿಲ್ಲ.

ಹುಡುಗನ ತಂದೆಯ ಕಣ್ಣಿಗೆ ಬಿದ್ದಿತ್ತು. ‘ಯಾವಾಗಿಂದ ಇದು?’ ಎಂದರು.

‘ಹಾಸ್ಟೆಲಿಂದ,’ ಎಂದ ಹುಡುಗ ನೆಲ ನೋಡುತ್ತ.

ಅಷ್ಟರಲ್ಲಿ ನಾದಿನಿ ಹೊಸಿಲು ದಾಟಿ ನೇರವಾಗಿ ಕಾರಿನ ಬಳಿ ಬಂದಳು. ‘ಇನ್ನೊಂದು ಮುಳ್ಳು?’ ಎಂದಳು. ಕೇಳಿದ್ದು ನನ್ನನ್ನಲ್ಲ, ಅವನನ್ನು. ‘ಭಾವ ಬಿಚ್ಚೋವಾಗ ಒಂದು ಕರಿ ನಳಿಗೆ ಇತ್ತು, ತುದೀಲಿ ಉಂಗುರ. ಅದನ್ನ ಒಳಗೆ ತಳ್ಳಿಬಿಟ್ರು. ಮೀಟರ್ ಹಿಂದೆ ಅಷ್ಟೇ ಅಗಲದ ಒಂದು ಮೂತಿ ಖಾಲಿ ಅದೆ, ನೋಡಿ.’

ನಾನು ಅದು ಎಣ್ಣೆಯ ಕೊಳವೆ ಎಂದೆ. ಅವಳು ಬಳೆಗಳನ್ನು ಮೊಣಕೈವರೆಗೆ ಸರಿಸಿ, ಆ ಕತ್ತಲ ಗೂಡಿಗೆ ಕೈಹಾಕಿ, ತಡಕಾಡಿ ನಳಿಗೆಯನ್ನು ಹೊರಗೆಳೆದಳು. ಅವನು ಅದರ ಉಂಗುರವನ್ನು ಮೀಟರಿನ ಬೆನ್ನಿಗೆ ತಿರುಗಿಸಿ ಬಿಗಿ ಮಾಡಿದ. ಇಬ್ಬರೂ ಸೇರಿ ತಂತಿಗಳನ್ನು ಮಡಿಸಿ ಮಡಿಸಿ ಒಳಗೆ ತುಂಬಿ ಹಲಗೆಯನ್ನು ಕೂರಿಸಿದರು. ‘ಇಲ್ಲಿ ಒತ್ತಿ ಹಿಡ್ಕೊಳಿ,’ ‘ಸ್ವಲ್ಪ ಮೇಲಕ್ಕೆ,’ ಎಂದೇನೋ ಮಾತಾಡಿಕೊಂಡರು. ಮಾವನವರು ಕಡೆಗೂ ಇಳಿದು, ಜೋಮು ಹಿಡಿದ ತೊಡೆಯನ್ನು ಗುದ್ದಿಕೊಳ್ಳುತ್ತ ನಿಂತರು. ನಾನು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದೆ. ಕೇಳಿದಾಗ ಒಂದೊಂದಾಗಿ ಕೊಟ್ಟೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಆಮೇಲೆ ಚಾಪೆ ಹಾಸಿ, ಹುಡುಗಿಯನ್ನು ಕರೆತಂದು ಕೂರಿಸುವ ಶಾಸ್ತ್ರವೇನೋ ನಡೆಯಿತು. ಕೈಯ ಮಸಿ ತೊಳೆದರೂ ಹೋಗಿರಲಿಲ್ಲ. ಹುಡುಗನಿಗೂ ಮಸಿ, ಹುಡುಗಿಗೂ ಮಸಿ. ಉಪ್ಪಿಟ್ಟಿನ ತಟ್ಟೆಯ ಅಂಚಿನಲ್ಲಿ ಇಬ್ಬರ ಬೆರಳ ಗುರುತೂ ಮೂಡಿತ್ತು. ಹುಡುಗಿಯನ್ನು ಏನಾದರೂ ಕೇಳುವುದಿದೆಯೇ ಎಂದಾಗ ಅಜ್ಜಿ, ‘ಅಡುಗೆ ಬರ್ತದಾ ಅಂತ ಕೇಳಣ ಅಂದ್ಕೊಂಡಿದ್ದೆ. ಇನ್ನೇನು ಕೇಳೋದು ಬಿಡಿ,’ ಎಂದರು. ಹುಡುಗನ ತಂದೆ ಮಾತ್ರ ಉಪ್ಪಿಟ್ಟು ಮುಟ್ಟಲಿಲ್ಲ.

ವಾಪಸು ಬರುವಾಗ ಸಂಜೆಯ ಬಿಸಿಲು. ಹಾರನ್ನಿಗೂ ದನಿ ಬಂದಿತ್ತು. ಎಲ್ಲ ಮುಳ್ಳುಗಳೂ ಎದ್ದಿದ್ದವು, ಬ್ಯಾಟರಿಯದು ಉಲ್ಟಾ ಎಂಬುದನ್ನು ಬಿಟ್ಟರೆ. ಆದರೂ ಮಾವನವರು ಅಂಕಿ ಹೇಳಲಿಲ್ಲ. ಸಿಗರೇಟಿನ ವಿಷಯ ಅಷ್ಟರಲ್ಲಿ ಅವರಿಗೆ ಮುಟ್ಟಿತ್ತು.

‘ಮೇಷ್ಟ್ರಾಗಿ ಸಿಗರೇಟು ಸೇದೋದು ಅಂದ್ರೆ ಏನು?’ ಎಂದರು ಕೊನೆಗೆ. ‘ಬೇಡ ಕಣಮ್ಮ. ಬೇರೆ ಕಡೆ ನೋಡಣ.’

‘ಅವರು ಜೇಬಲ್ಲೇ ಇಟ್ಕೊಂಡಿದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ ಅಪ್ಪಾ?’ ಎಂದಳು ನಾದಿನಿ ಹಿಂದಿನಿಂದ.

‘ಆಗ್ತಿರಲಿಲ್ಲ.’

‘ನಿಮ್ಮ ತೊಡೆ ಮೇಲಿಂದ ಆ ಹಲಗೆ ಇಳೀಲಿ ಅಂತ ತೆಗೆದ್ರು. ಅವರಪ್ಪ ಎದುರಿಗೇ ಇದ್ರು.’

ಶಿಡ್ಲಘಟ್ಟದ ಹೊರವಲಯದ ತೋಟಗಳು ಕಾಣುವಾಗ ಮಾವನವರು ಕನ್ನಡಕ ಸರಿಮಾಡಿಕೊಂಡು, ‘ಇಪ್ಪತ್ತಾರು,’ ಎಂದರು. ಅತ್ತೆ ಹಿಂದಿನ ಸೀಟಿನಲ್ಲಿ ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

ಸಾಹೇಬರು ಚಿಕ್ಕಬಳ್ಳಾಪುರದಿಂದ ಬಂದು ಬ್ಯಾಟರಿಯ ಮುಳ್ಳನ್ನು ನೋಡಿ, ‘ಇದ್ಯಾಕೆ ಉಲ್ಟಾ ನಿಂತಿದೆ?’ ಎಂದು ಕೇಳಿದಾಗ ಮಾವನವರು ಎತ್ತಲೋ ನೋಡುತ್ತ, ‘ಬಿಸಿಲಿಗೆ,’ ಎಂದರಂತೆ. ಹೆಂಡತಿ ಹೇಳಿದಳು. ನನ್ನ ಮಾನ ಉಳಿಸಲು ಹಾಗೆಂದರೋ, ನಿಜವಾಗಿಯೂ ನಂಬಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

ಗಂಡಿನ ಕಡೆಯಿಂದ ಒಪ್ಪಿಗೆ ಬರುವುದು ತಡವಾಯಿತು. ಮಗ ಪ್ಯಾಕು ಬಿಸಾಡುವವರೆಗೂ ಹೆಣ್ಣಿನ ಮನೆಗೆ ಮುಖ ತೋರಿಸುವುದಿಲ್ಲ ಎಂದು ಅವನ ತಂದೆ ಹಟ ಹಿಡಿದಿದ್ದರು. ಅವನು ಬಿಟ್ಟನಂತೆ, ಅಜ್ಜಿಯೇ ಬಂದು ಹೇಳಿ ಹೋದರು. ಚಿಂತಾಮಣಿಯಲ್ಲಿ ಮದುವೆ ಚೆನ್ನಾಗಿಯೇ ಆಯಿತು. ನನ್ನ ಷಡ್ಡಕನಾದ ಆ ಹುಡುಗ ಮದುವೆಯಾದ ಕೆಲವು ವರ್ಷ ನಿಜವಾಗಿಯೂ ಸಿಗರೇಟು ಮುಟ್ಟಲಿಲ್ಲ. ಆಮೇಲೆ ಮತ್ತೆ ಶುರುಮಾಡಿದ, ಹೆಂಡತಿಗೆ ಹೇಳಿಯೇ. ಅವಳು ಬೈಯುತ್ತಿದ್ದಳು, ಅವನು ಹಿತ್ತಲಿಗೆ ಹೋಗಿ ಸೇದುತ್ತಿದ್ದ.

ನನಗೆ ಯಾರೂ ಕಾರು ಮುಟ್ಟಬೇಡ ಎಂದು ಹೇಳಲಿಲ್ಲ. ಆದರೆ ನಾವು ಹೆಂಡತಿಯ ತವರಿಗೆ ಹೋದಾಗಲೆಲ್ಲ ಅದರ ಕೀ ಸಾಹೇಬರ ಹತ್ತಿರವೇ ಇರುತ್ತಿತ್ತು. ನಾನೂ ಕೇಳಲಿಲ್ಲ. ಗೌರಿಬಿದನೂರಿಗೆ ಹಿಂದಿರುಗಿದ ಮೇಲೆ ಒಂದು ಸೈಕಲ್ಲು ಕೊಂಡೆ. ಅದರ ಚೈನು ಆಗಾಗ ಕಳಚುತ್ತಿತ್ತು. ರೈಲ್ವೆ ಗೇಟಿನ ಪಕ್ಕದ ಅಂಗಡಿಯವರೆಗೆ ತಳ್ಳಿಕೊಂಡು ಹೋಗಿ ಹಾಕಿಸಿಕೊಂಡು ಬರುತ್ತಿದ್ದೆ.